ಹಿತ್ತಲಲ್ಲಿ ತೊಳೆದ ಕರಡಿಗೆ

ಒಂದು ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ದೊಡ್ಡಮ್ಮ ಅನ್ನ ನೀರು ಬಿಟ್ಟಳು. ಅವಳಿಗೆ ಜ್ವರವಿರಲಿಲ್ಲ, ಮನೆಯಲ್ಲಿ ಜಗಳವಾಗಿರಲಿಲ್ಲ, ಶಿವರಾತ್ರಿಗೆ ಇನ್ನೂ ಹದಿನೈದು ದಿನವಿತ್ತು.

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಪೇಟೆಯ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕ. ಯಶವಂತಪುರದ ರೈಲ್ವೆ ಸ್ಟೇಷನ್ನಿನ ಹಿಂದೆ ಎರಡು ಕೋಣೆಯ ಮನೆ. ದೊಡ್ಡಮ್ಮ ಎಂದರೆ ನನ್ನ ತಂದೆಯ ಅಣ್ಣನ ಹೆಂಡತಿ. ಮಕ್ಕಳಿಲ್ಲದೆ ಗಂಡನನ್ನು ಕಳೆದುಕೊಂಡವಳು, ತಾಯಿಯಿಲ್ಲದ ನನ್ನನ್ನು ಸಾಕಿದವಳು. ಹೆಂಡತಿ ಬಾಣಂತನಕ್ಕೆಂದು ಯಲಹಂಕದ ಪಕ್ಕದ ಪುಟ್ಟೇನಹಳ್ಳಿಯ ತವರಿನಲ್ಲಿದ್ದುದರಿಂದ ಆಗ ಮನೆಯಲ್ಲಿ ನಾವಿಬ್ಬರೇ. ಆ ವಾರದ ಸೋಮವಾರ ನಮ್ಮ ಮಗುವಿಗೆ ಲಿಂಗ ಕಟ್ಟಿಸುವ ಶಾಸ್ತ್ರ ಪುಟ್ಟೇನಹಳ್ಳಿಯಲ್ಲಿ ನಡೆದಿತ್ತು. ನಾನೂ ದೊಡ್ಡಮ್ಮನೂ ಭಾನುವಾರವೇ ಹೋಗಿ, ಸೋಮವಾರ ಸಂಜೆಯ ಬಸ್ಸಿಗೆ ವಾಪಸು ಬಂದಿದ್ದೆವು.

ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆತನ. ಹುಟ್ಟಿದ ಕೆಲವು ತಿಂಗಳಲ್ಲಿ ಕಟ್ಟಿದ ಲಿಂಗ ಸಾಯುವವರೆಗೂ ಎದೆಯ ಮೇಲೇ ಇರಬೇಕು. ಅದನ್ನಿಡುವ ಮೊಟ್ಟೆಯಾಕಾರದ ಬೆಳ್ಳಿಯ ಭರಣಿಗೆ ಕರಡಿಗೆ ಎಂದು ಹೆಸರು. ಅದನ್ನು ಕೊರಳಿಗೆ ತೂಗುಹಾಕುವ ದಾರಕ್ಕೆ ಶಿವದಾರ. ದಿನಾ ಸ್ನಾನವಾದ ಮೇಲೆ ಲಿಂಗವನ್ನು ಕರಡಿಗೆಯಿಂದ ತೆಗೆದು ಎಡಗೈಯ ಮೇಲಿಟ್ಟು, ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಕಣ್ಣಿಟ್ಟು ನೋಡುತ್ತ ಕೂರಬೇಕು. ಅದಾಗದೆ ಬಾಯಿಗೆ ಏನೂ ಹಾಕುವಂತಿಲ್ಲ. ಒಬ್ಬರ ಲಿಂಗವನ್ನು ಇನ್ನೊಬ್ಬರು ಪೂಜಿಸುವಂತಿಲ್ಲ. ಸತ್ತಾಗ ಅದೇ ಲಿಂಗವನ್ನು ಅದೇ ಅಂಗೈಯಲ್ಲಿಟ್ಟು ಮಣ್ಣು ಮಾಡುತ್ತಾರೆ. ಗುಡಿಯೂ ಬೇಡ, ಪೂಜಾರಿಯೂ ಬೇಡ ಎಂದು ನೂರಾರು ವರ್ಷಗಳ ಹಿಂದೆ ಶಿವನನ್ನು ಅಂಗೈಗೆ ಇಳಿಸಿಕೊಂಡ ಮಾರ್ಗ ಇದು. ಇದಕ್ಕಿಂತ ಸರಳವಾದದ್ದು ಇರಲಾರದು ಎಂದು ಆ ಬುಧವಾರದವರೆಗೂ ನಾನು ನಂಬಿದ್ದೆ.

ಗುರುವಾರ ನಾನು ಹಿಂದಿನ ದಿನದ ಪತ್ರಿಕೆಯಲ್ಲಿ ನಮ್ಮದೇ ತಪ್ಪುಗಳನ್ನು ಗುರುತು ಹಾಕುತ್ತ ಕೂತಿದ್ದಾಗ ದೊಡ್ಡಮ್ಮ ಪೂಜೆಯ ಮಣೆಯ ಮೇಲಿಂದ ಕರೆದಳು.

"ಲೋ, ಇಲ್ಲಿ ಬಾ. ಇದು ನನ್ದಲ್ಲ."

"ಯಾವುದು?"

"ಲಿಂಗ. ನನ್ ಕರಡಿಗೇಲಿ ಒಂದು ತಗ್ಗಿತ್ತು. ಬಾವೀಕಟ್ಟೇಲಿ ಬಗ್ಗಿದಾಗ ತಾಮ್ರದ ಕೊಡ ಬಡಿದಿತ್ತಲ್ಲ, ಅದು. ಇದ್ರಲ್ಲಿಲ್ಲ. ಸವರಿ ಸವರಿ ನೋಡ್ದೆ, ನುಣ್ಣಗಿದೆ."

ಅವಳಿಗೆ ಎರಡೂ ಕಣ್ಣಲ್ಲಿ ಪೊರೆ ಬಂದಿತ್ತು. ನಾನು ಬಗ್ಗಿ ನೋಡಿದೆ. ಮುಟ್ಟಲು ಬಿಡಲಿಲ್ಲ. ಕರಡಿಗೆ ನಿಜಕ್ಕೂ ನುಣ್ಣಗಿತ್ತು.

"ಭಾನುವಾರ ಹಿತ್ತಲಲ್ಲಿ ಕೂತು ಹುಣಸೆಹಣ್ಣು ಹಾಕಿ ತೊಳೆದ್ವಲ್ಲ, ನಾನೂ ನಿಮ್ಮತ್ತೇನೂ. ಆಗ ಬದಲಾಗಿದೆ. ಶಿವದಾರ ಇಬ್ರಿಗೂ ಹೊಸದು ಹಾಕಿದ್ರು. ಒಂದೇ ಥರ ಕಾಣ್ತಿತ್ತು."

"ಅಷ್ಟೇ ತಾನೇ? ಕೊಡು. ಹೋಗಿ ಬದಲಾಯಿಸ್ಕೊಂಡು ಬರ್ತೀನಿ."

ಅವಳು ನನ್ನನ್ನು ನೋಡಿದ ರೀತಿಗೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಕೊಡಬೇಕಾ? ನಿನ್ ಕೈಗಾ? ಪೂಜೆ ಇಲ್ದೆ ಆಫೀಸ್ ಕ್ಯಾಂಟೀನಲ್ಲಿ ಉದ್ದಿನ ವಡೆ ತಿನ್ನೋ ಕೈಗಾ?"

ವಡೆಯ ವಿಷಯ ಅವಳಿಗೆ ಯಾರು ಹೇಳಿದರು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

ಅವಳು ಕರಡಿಗೆ ಮುಚ್ಚಿ ಎದೆಯ ಮೇಲೆ ಬಿಟ್ಟುಕೊಂಡು ಗೋಡೆಗೆ ಒರಗಿದಳು. ತನ್ನದು ಕೈಗೆ ಬರುವವರೆಗೂ ಪೂಜೆಯಿಲ್ಲ. ಪೂಜೆಯಿಲ್ಲದೆ ಅನ್ನವಿಲ್ಲ, ನೀರೂ ಇಲ್ಲ. ಅವಳಿಗೆ ಆಗಲೇ ಅರವತ್ತೈದು ದಾಟಿತ್ತು. ಒಂದು ಹೊತ್ತಿನ ಮಜ್ಜಿಗೆ ತಡವಾದರೆ ತಲೆ ಸುತ್ತಿ ಕೂರುತ್ತಿದ್ದವಳು. ನಾನು ವಾದಿಸಿದೆ, ಗದರಿದೆ, ಬೇಡಿಕೊಂಡೆ. ಕೊನೆಗೆ ಅವಳು ಎಡಗೈಯನ್ನು ತೊಡೆಯ ಮೇಲೆ ಬಿಡಿಸಿಟ್ಟು ಅದನ್ನೇ ನೋಡುತ್ತ ಹೇಳಿದಳು:

"ಮೂರು ದಿವಸ ಪೂಜೆ ಮಾಡಿದೀನಿ ಕಣೋ. ಐವತ್ತು ವರ್ಷ ಹಿಡಿದ ಕೈ ಇದು. ಗೊತ್ತಾಗ್ಲಿಲ್ವಲ್ಲೋ. ನಾಳೆ ಮಣ್ಣಿಗಿಡೋವಾಗ ಬೇರೆಯೋರ ಲಿಂಗ ಇಟ್ರೂ ಈ ಕೈ ಸುಮ್ಮನಿರತ್ತೆ, ಅಲ್ವಾ?"

ಆಗ ನನಗೆ ಅರ್ಥವಾಯಿತು. ಕಲ್ಲು ಬದಲಾಗಿದ್ದಕ್ಕಿಂತ ಹೆಚ್ಚಾಗಿ, ಬದಲಾದದ್ದು ತನ್ನ ಕೈಗೆ ತಿಳಿಯಲಿಲ್ಲ ಎಂಬುದು ಅವಳನ್ನು ಕೂರಿಸಿತ್ತು. ಅರ್ಥವಾದದ್ದರಿಂದ ಪ್ರಯೋಜನವೇನೂ ಆಗಲಿಲ್ಲ. ಲೋಟದ ನೀರು ಪಕ್ಕದಲ್ಲಿ ಹಾಗೇ ಇತ್ತು.

ನಮ್ಮ ಮನೆತನದ ಗುರುಗಳು ಚಿಕ್ಕಬಾಣಾವರದ ಒಂದು ಸಣ್ಣ ಮಠದಲ್ಲಿದ್ದರು. ನಾವು ಅವರನ್ನು ಅಯ್ಯನವರು ಎನ್ನುತ್ತಿದ್ದೆವು. ಸೋಮವಾರ ಮಗುವಿಗೆ ಲಿಂಗ ಕಟ್ಟಿದವರೂ ಅವರೇ. ಮಧ್ಯವರ್ತಿ ಬೇಡವೆಂದ ಮಾರ್ಗದಲ್ಲಿ ಮಧ್ಯವರ್ತಿಯ ಬಳಿಗೆ ಸೈಕಲ್ ತುಳಿದೆ. ಎದುರುಗಾಳಿ, ಜಲಹಳ್ಳಿ ದಾಟಿದ ಮೇಲೆ ಮೊಣಕಾಲುದ್ದದ ಧೂಳು. ಅಯ್ಯನವರು ಜಗಲಿಯ ಮೇಲೆ ವಿಭೂತಿ ಉಂಡೆಗಳನ್ನು ಬಿಸಿಲಿಗೆ ಹರಡುತ್ತ ಕೂತಿದ್ದರು. ನಾನು ಅಡ್ಡಬಿದ್ದು ವಿಷಯವನ್ನು ನಾಲ್ಕು ವಾಕ್ಯದಲ್ಲಿ ಹೇಳಿ ಮುಗಿಸಿದೆ.

ಅವರು ನಾಲ್ಕು ವಾಕ್ಯಕ್ಕೆ ಮುಗಿಸುವವರಲ್ಲ. ಲಿಂಗ ಕಳೆದರೆ ಹೊಸದನ್ನು ಕಟ್ಟಬಹುದು ಎನ್ನುವವರಿದ್ದಾರೆ, ಅಂದರು. ಎಲ್ಲ ಲಿಂಗದಲ್ಲೂ ಇರುವ ಶಿವ ಒಬ್ಬನೇ, ಬದಲಾಗುವುದು ಎಂಬುದೇ ಸುಳ್ಳು ಎನ್ನುವವರೂ ಇದ್ದಾರೆ, ಅಂದರು. ತಮ್ಮ ಅಜ್ಜನ ಕಾಲದಲ್ಲಿ ಲಿಂಗ ಹೋದರೆ ಪ್ರಾಣವನ್ನೇ ಬಿಡುತ್ತಿದ್ದರು ಎಂದು ಸ್ವಲ್ಪ ಹೆಮ್ಮೆಯಿಂದಲೇ ಸೇರಿಸಿದರು.

"ಬುದ್ಧೀ, ಇದ್ರಲ್ಲಿ ತಮ್ಮ ಅಭಿಪ್ರಾಯ ಯಾವುದು?"

"ಮೂರೂ ಸರಿ."

"ದೊಡ್ಡಮ್ಮ ನೀರು ಕುಡೀಬಹುದಾ? ಅದೊಂದು ಹೇಳಿಬಿಡಿ, ಸಾಕು."

ಅವರು ಒಂದು ವಿಭೂತಿ ಉಂಡೆಯನ್ನು ಮಗ್ಗುಲು ಬದಲಿಸಿಟ್ಟು ಯೋಚಿಸಿದರು. "ಕುಡೀಬಹುದು. ಧಾರಾಳವಾಗಿ ಕುಡೀಬಹುದು. ಕುಡೀದಿದ್ರೆ ಇನ್ನೂ ಶ್ರೇಷ್ಠ."

ಪತ್ರಿಕೆಯಲ್ಲಿ ಮಂತ್ರಿಗಳ ಹೇಳಿಕೆಗಳನ್ನು ದಿನಾ ತಿದ್ದಿದವನು ನಾನು. ಇಂಥ ಹೇಳಿಕೆಯನ್ನು ಯಾವ ಮಂತ್ರಿಯೂ ಕೊಟ್ಟಿರಲಿಲ್ಲ. ಶನಿವಾರ ತಾವೇ ಬಂದು ಇಬ್ಬರು ಹೆಂಗಸರನ್ನೂ ಎದುರು ಬದುರು ಕೂರಿಸಿ ತೀರ್ಮಾನಿಸುತ್ತೇನೆ, ಅಂದರು. ಶನಿವಾರದವರೆಗೆ ಉಳಿಯುತ್ತಾಳೋ ಇಲ್ಲವೋ ಎಂದೆ. "ಶಿವನಿದ್ದಾನೆ" ಎಂದು ಉಂಡೆಗಳ ಕಡೆಗೆ ತಿರುಗಿದರು.

ಮನೆಗೆ ಬಂದು ಆ ಹೇಳಿಕೆಯ ಮೊದಲರ್ಧವನ್ನು ಮಾತ್ರ ವರದಿ ಮಾಡಿದೆ. ವೃತ್ತಿಯಲ್ಲಿ ಎಂದೂ ಮಾಡದ ಕೆಲಸ.

"ಅಯ್ನೋರು ನೀರು ಕುಡೀಬಹುದು ಅಂದ್ರು."

"ಅಂದ್ರು ಅಂತ ನೀನಂತೀಯ. ಪೇಪರಿನೋರ ಮಾತು." ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು, "ಇನ್ನೇನಂದ್ರು? ಪೂರ್ತಿ ಹೇಳು."

ನಾನು ಪೂರ್ತಿ ಹೇಳಲಿಲ್ಲ. ಅವಳು ನೀರು ಕುಡಿಯಲಿಲ್ಲ.

ಆ ಸಂಜೆಯ ಪಾಳಿಗೆ ರಜೆ ಹೇಳಿಕಳಿಸಿ, ಶುಕ್ರವಾರ ಬೆಳಗಾಗುತ್ತಿದ್ದಂತೆ ಪಕ್ಕದ ಮನೆಯವರಿಗೆ ಅವಳನ್ನು ನೋಡಿಕೊಳ್ಳಲು ಒಪ್ಪಿಸಿ ಪುಟ್ಟೇನಹಳ್ಳಿಗೆ ಹೊರಟೆ. ಅವಳ ತುಟಿ ಒಣಗಿ ಬಿಳುಪೇರಿತ್ತು. ಎದ್ದು ನಿಲ್ಲಲು ಹೋಗಿ ಕಂಬ ಹಿಡಿದುಕೊಂಡಿದ್ದಳು. ಹೆಬ್ಬಾಳ ದಾಟುವವರೆಗೂ ನನಗೆ ಭಯವಿತ್ತು; ಅಲ್ಲಿಂದ ಮುಂದೆ ಬರೀ ಸಿಟ್ಟು. ಒಂದು ಹಿಡಿ ಹುಣಸೆಹಣ್ಣು ಒಂದು ಜೀವ ತೆಗೆಯಲು ಹೊರಟಿದೆಯಲ್ಲ ಎಂದು.

ಅತ್ತೆ ಪೂಜೆ ಮುಗಿಸಿ ಅಡುಗೆಮನೆಯಲ್ಲಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಮುಂದಿಟ್ಟುಕೊಂಡು ಕೂತಿದ್ದರು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡರು. "ಬನ್ನಿ ಅಳಿಯಂದ್ರೆ. ಇದೇನ್ ಇಂಗೆ ಬೆವತು ಬಂದಿದೀರಿ? ರೊಟ್ಟಿ ತಿನ್ನೀರಂತೆ, ಕೂತ್ಕಳಿ."

ನಾನು ಕೂರದೆಯೇ ಹೇಳಿದೆ. ಕೇಳುತ್ತ ಕೇಳುತ್ತ ಅವರ ಮುಖ ಬಿಗಿಯಿತು.

"ಏನಂಗಂದ್ರೆ? ನಾವು ಬದಲಾಯಿಸ್ಕಂಡ್ವಾ? ನಮ್ದು ನಮ್ ಕತ್ತಲ್ಲೇ ಐತೆ. ಬೀಗಿತ್ತಿಗೆ ಕಣ್ ಕಾಣಾಕಿಲ್ಲ ಅಂದ್ರೆ ನಾವೇನ್ ಮಾಡಾನ?"

"ಒಂದ್ಸಲ ಸವರಿ ನೋಡಿ, ಅತ್ತೆ. ಕೆಳಗಡೆ ಒಂದು ತಗ್ಗಿದೆಯಾ ಅಂತ."

ಸೆರಗಿನೊಳಗೆ ಕೈ ಹೋಯಿತು. ಕೈ ಅಲ್ಲೇ ನಿಂತಿತು. ಬಾಯಲ್ಲಿದ್ದ ರೊಟ್ಟಿಯೂ ನಿಂತಿತು. ಎದ್ದು ಹಿತ್ತಲಿಗೆ ಹೋಗಿ ಅದನ್ನು ಉಗುಳಿ, ಬಾಯಿ ಮುಕ್ಕಳಿಸಿ, ಒಳಗೆ ಬಂದು ತಟ್ಟೆಯನ್ನು ಕಾಲಿನಿಂದಲೇ ದೂರ ತಳ್ಳಿದರು.

"ಅಯ್ಯೋ ಶಿವನೇ. ಮಂಗಳವಾರವೇ ಕೈಗೆ ತಗುಲ್ತು. ಮಗೀನ ಎತ್ಕಂಡಾಗ ಎಲ್ಲೋ ಬಡಿದಿರ್ಬೇಕು ಅಂದ್ಕಂಡೆ. ನಾನೂ ಮುಟ್ಟಾಕಿಲ್ಲ ಇನ್ನ. ಒಂದ್ ಅಗುಳೂ ಮುಟ್ಟಾಕಿಲ್ಲ."

ಒಬ್ಬರ ಉಪವಾಸ ಬಿಡಿಸಲು ಒಂಬತ್ತು ಮೈಲಿ ಸೈಕಲ್ ತುಳಿದು ಬಂದವನು ಈಗ ಇಬ್ಬರನ್ನು ಉಪವಾಸ ಕೂರಿಸಿದ್ದೆ.

"ಹಾಗಾದ್ರೆ ಈಗಲೇ ಹೊರಡಿ. ಯಲಹಂಕದಲ್ಲಿ ಬಾಡಿಗೆ ಕಾರು ಸಿಗತ್ತೆ. ಹನ್ನೊಂದಕ್ಕೆಲ್ಲ ನಮ್ಮನೇಲಿರ್ತೀವಿ."

"ನಾವು ಬರಾದಾ? ಎಣ್ಣು ಕೊಟ್ಟೋರು ನಾವು. ಕರೀದೆ ಬೀಗರ ಮನೆ ಬಾಗಿಲು ತುಳಿಯಾಕಿಲ್ಲ. ಅವ್ರೇ ಬರ್ಲಿ."

"ಅವಳಿಗೆ ಎದ್ದು ನಿಲ್ಲೋಕಾಗ್ತಿಲ್ಲ. ಈಗ ನಾನು ಕರೀತಿದೀನಲ್ಲ?"

"ನೀವು ಅಳಿಯಂದ್ರು. ನೀವು ಕರೆಯಾದು ಲೆಕ್ಕಕ್ಕಿಲ್ಲ. ಮನೆ ಯಜಮಾನಿ ಕರೀಬೇಕು."

ಯಜಮಾನಿ ಗೋಡೆಗೊರಗಿ ಒಣಗುತ್ತಿದ್ದಳು. ಅವಳನ್ನು ಕೇಳಿದ್ದರೂ, ಗಂಡಿನ ಕಡೆಯವರು ನಾವು, ಮೊದಲು ಅವರು ಬಾಯಿಬಿಡಲಿ ಎನ್ನುತ್ತಿದ್ದಳು. ಅದರಲ್ಲಿ ನನಗೆ ಅನುಮಾನವಿಲ್ಲ. ಇಬ್ಬರು ಶಿವಭಕ್ತೆಯರ ನಡುವೆ ಶಿವನಿಗಿಂತ ಬೀಗತನ ದೊಡ್ಡದಾಗಿ ನಿಂತಿತ್ತು. ನಾನು ಜೋರಾಗಿ ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಹೆಂಡತಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಕೋಣೆಯ ಬಾಗಿಲಿಗೆ ಬಂದಳು. ತಲೆಗೆ ಬಿಗಿದ ಬಟ್ಟೆ, ಮುಖದಲ್ಲಿ ನಿದ್ದೆಗೆಟ್ಟ ಕೋಪ.

"ಇಬ್ರೂ ಸತ್ತ ಮೇಲೆ ಯಾರು ಯಾರನ್ನ ಕರೀಬೇಕು ಅಂತ ನಾವು ಕೂತು ಮಾತಾಡ್ತೀವಿ. ಈಗ ಹೊರಡಮ್ಮ."

"ಶುಕ್ರವಾರ ಕಣೇ. ಶುಕ್ರವಾರ ಮನೆ ಎಣ್ಮಗಳು ಒಸಲು ದಾಟಬಾರ್ದು."

"ನೀನು ಈ ಮನೆ ಮಗಳಲ್ಲ, ಸೊಸೆ. ಶುಕ್ರವಾರ ನನಗೆ ಅಡ್ಡಿ, ನಿನಗಲ್ಲ. ಹೊರಡು." ನಂತರ ನನ್ನ ಕಡೆ ತಿರುಗಿದಳು. "ರೀ, ನೀವು ನಿಂತ್ಕೊಂಡು ಏನ್ ನೋಡ್ತಿದೀರಿ? ಕಾರು ತನ್ನಿ."

ಆ ಎರಡು ದಿನಗಳಲ್ಲಿ ನನ್ನ ಕಿವಿಗೆ ಬಿದ್ದ ನೆಟ್ಟಗಿನ ಮಾತು ಅದೊಂದೇ. ಕಾರು ತಂದೆ. ಸೈಕಲ್ ಅಲ್ಲೇ ಉಳಿಯಿತು. ದಾರಿಯುದ್ದಕ್ಕೂ ಅತ್ತೆ ಎರಡೂ ಕೈಯಿಂದ ಎದೆಯ ಮೇಲಿನ ಕರಡಿಗೆಯನ್ನು ಹಿಡಿದುಕೊಂಡಿದ್ದರು. ಗುಂಡಿ ಬಂದಾಗಲೆಲ್ಲ ಡ್ರೈವರನಿಗೆ, "ನಿಧಾನ ಕಣಪ್ಪ, ಇದು ಬ್ಯಾರೇವ್ರದ್ದು" ಎನ್ನುತ್ತಿದ್ದರು.

ನಾವು ಒಳಗೆ ಹೋದಾಗ ದೊಡ್ಡಮ್ಮ ಚಾಪೆಯ ಮೇಲೆ ಮಲಗಿದ್ದಳು. ದನಿ ಕೇಳಿ ಎದ್ದು ಕೂರಲು ಯತ್ನಿಸಿದಳು. ನಾನು ಹಿಡಿದು ಕೂರಿಸಿದೆ. ಕೈ ಬಿಸಿಯಾಗಿತ್ತು, ಚರ್ಮ ಕಾಗದದ ಹಾಗೆ. ಅತ್ತೆ ಅವಳನ್ನು ನೋಡಿದ್ದೇ ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಬಿಟ್ಟುಬಿಟ್ಟರು.

"ಏನ್ ಬೀಗಿತ್ತಿ, ಇಂಗಾ ಮಾಡ್ಕಳಾದು? ಒಂದ್ ಮಾತು ಏಳಿ ಕಳಿಸಿದ್ರೆ ನೆನ್ನೆಯೇ ಓಡಿ ಬರ್ತಿರ್ನಿಲ್ವಾ?"

ಬಾಗಿಲು ತುಳಿಯುವುದಿಲ್ಲ ಎಂದವರು ಇವರೇ.

"ಬಂದ್ರಲ್ಲ, ಅಷ್ಟು ಸಾಕು," ಎಂದಳು ದೊಡ್ಡಮ್ಮ. ಮಾತು ಗಂಟಲಲ್ಲೇ ಕೆರೆದು ಬಂತು. "ಮೊದ್ಲು ಬದಲಾಯಿಸ್ಕೊಳ್ಳಣ."

ಇಬ್ಬರೂ ಕಾಲು ತೊಳೆದು, ವಿಭೂತಿ ಇಟ್ಟುಕೊಂಡು, ಎದುರು ಬದುರು ಮಣೆ ಹಾಕಿ ಕೂತು, ಕರಡಿಗೆ ಬಿಚ್ಚಿ ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡರು. ನಡುವೆ ಹಿತ್ತಾಳೆ ಚೊಂಬಿನಲ್ಲಿ ನೀರು. ಇನ್ನು ಎರಡು ನಿಮಿಷ ಎಂದುಕೊಂಡು ನಾನು ಒಲೆ ಹಚ್ಚಿ ಉಪ್ಪಿಟ್ಟಿಗೆ ಇಟ್ಟೆ. ಹತ್ತು ನಿಮಿಷವಾದರೂ ಬದಲಾಗಲಿಲ್ಲ. ಅಲ್ಲೊಂದು ಹೊಸ ಚರ್ಚೆ ಹುಟ್ಟಿತ್ತು: ಕೊಟ್ಟು ತೆಗೆದುಕೊಳ್ಳುವುದು ಹೇಗೆ?

"ನೆಲದ ಮೇಲೆ ಇಡಂಗಿಲ್ಲ."

"ಮಣೆ ಮೇಲೂ ಇಡೋ ಹಾಗಿಲ್ಲ. ಒಂದು ಕ್ಷಣಾನೂ ಮೈ ಬಿಡಬಾರದು."

"ಅಂಗಾರೆ ನಂದು ನಿಮ್ ಎಡಗೈಗೆ, ನಿಮ್ದು ನನ್ ಎಡಗೈಗೆ, ಒಂದೇ ಕಿತಾ."

"ಬಲಗೈಲಿ ಕೊಡೋವಾಗ ನಡುವೆ ಯಾರ ಮೈಯಲ್ಲೂ ಇರಲ್ವಲ್ಲ? ಆ ಹೊತ್ತು?"

"ಬಿಡಾಕಾಗಾಕಿಲ್ಲ ಕಣ್ರೀ. ಉಟ್ಟಿದಾಗಿಂದ ನಾನು ಒಂದ್ ಗಳಿಗೆ ಮೈಯಿಂದ ಬಿಟ್ಟೋಳಲ್ಲ."

ನಾನು ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಸಿಟ್ಟಿನಿಂದಲೇ ಕೇಳಿದೆ, "ಒಂದು ಗಳಿಗೆಯೂ ಬಿಡೋರಲ್ಲ ಅಂದ್ರೆ ಭಾನುವಾರ ಹೇಗೆ ಬಿಟ್ರಿ? ಹಿತ್ತಲಲ್ಲಿ ಕರಡಿಗೆ ತೊಳೆಯೋವಾಗ ಲಿಂಗ ಎಲ್ಲಿತ್ತು?"

ಇಬ್ಬರೂ ತಲೆಯೆತ್ತಿ, ಏನೂ ತಿಳಿಯದವನನ್ನು ನೋಡುವಂತೆ ನನ್ನನ್ನು ನೋಡಿದರು.

"ಎಲ್ಲಿರತ್ತೆ? ಬಟ್ಟೇಲಿ ಸುತ್ತಿ ಕತ್ತಿಗೆ ಕಟ್ಕೊಂಡಿದ್ವಿ," ಎಂದಳು ದೊಡ್ಡಮ್ಮ.

"ಇಬ್ರೂನಾ?"

"ಇಬ್ರೂನೂ. ಹುಣಸೆ ನೀರಿಗೆ ಯಾರಾದ್ರೂ ಲಿಂಗ ಹಾಕ್ತಾರೇನೋ?"

ಒಲೆಯ ಮೇಲೆ ಒಗ್ಗರಣೆ ಸೀಯುತ್ತಿತ್ತು. ಮೊದಲು ಅರ್ಥವಾದದ್ದು ಅತ್ತೆಗೆ. ಅವರು ಎಡಗೈಯ ಲಿಂಗವನ್ನೂ, ತೊಡೆಯ ಮೇಲಿನ ತಗ್ಗು ಬಿದ್ದ ಬೆಳ್ಳಿಯನ್ನೂ ಎರಡೆರಡು ಸಲ ನೋಡಿ ಹಣೆ ಚಚ್ಚಿಕೊಂಡರು.

"ಅಯ್ಯೋ ನಮ್ ಬುದ್ಧಿಗಿಷ್ಟು! ಬದಲಾಗಿದ್ದು ಬರೀ ಬೆಳ್ಳಿ ಕಣ್ರೀ. ಒಣಗಾಕ್ ಇಟ್ಟಾಗ ಖಾಲಿ ಕರಡಿಗೆ ಅದ್ಲುಬದ್ಲಾಗೈತೆ. ಸಾಮಿ ಅವರವರ ಕತ್ತಲ್ಲೇ ಇದ್ದ."

ಹುಟ್ಟಿದಾಗಿನಿಂದ ಆ ಬೆಳ್ಳಿಯ ಮೇಲೆಯೇ ಲಿಂಗವನ್ನು ಸವರಿಕೊಂಡು ಬಂದವರಿಗೆ, ಒಳಗಿನದು ಬೇರೆ ಹೊರಗಿನದು ಬೇರೆ ಎಂಬ ಯೋಚನೆ ಬಾರದೇ ಹೋಗಿದ್ದು ಸಹಜ. ಯಾರು, ಎಲ್ಲಿ, ಯಾವಾಗ, ಯಾರ ಕೈಯಲ್ಲಿ ಏನಿತ್ತು ಎಂದು ಕೇಳದೆ ಬರೆದ ವರದಿಯನ್ನು ವರದಿಗಾರರ ಮುಖಕ್ಕೆ ಎಸೆಯುತ್ತಿದ್ದ ನನಗೆ ಆ ವಿನಾಯಿತಿ ಇಲ್ಲ. ತೊಳೆಯುವಾಗ ಬದಲಾಯಿತು ಎಂದು ಅವಳು ಗುರುವಾರ ಹೇಳಿದಾಗಲೇ ನನ್ನ ಕಣ್ಣ ಮುಂದೆ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಎರಡು ಲಿಂಗಗಳು ಪಕ್ಕಪಕ್ಕದಲ್ಲಿ ಕೂತಿದ್ದವು. ಅಲ್ಲಿ ಅವು ಕೂತದ್ದನ್ನು ಯಾರೂ ನನಗೆ ಹೇಳಿರಲಿಲ್ಲ. ನಾನೇ ಕೂರಿಸಿದ್ದೆ. ಚಿಕ್ಕಬಾಣಾವರಕ್ಕೆ ಹೋಗಿ ಅಯ್ಯನವರಿಗೂ ಅದನ್ನೇ ಸತ್ಯವೆಂದು ಒಪ್ಪಿಸಿದ್ದೆ. ಇನ್ನೊಂದು ನಿಮಿಷ ತಡವಾಗಿದ್ದರೆ ನನ್ನ ಉಸ್ತುವಾರಿಯಲ್ಲಿ ನಿಜವಾಗಿಯೂ ಲಿಂಗಗಳು ಬದಲಾಗಿಬಿಡುತ್ತಿದ್ದವು, ಅದೂ ಇಬ್ಬರ ಪೂರ್ಣ ಸಮ್ಮತಿಯಿಂದ.

ಅತ್ತೆ ನಗಲು ಶುರುಮಾಡಿದ್ದರು. "ನಮ್ ಬೆಳ್ಳೀಲಿ ನಿಮ್ ಸಾಮಿ ಐದ್ ದಿನ ಬೀಗರ ಮನೇಲಿ ಕುಂತಂಗಾಯ್ತು ಬಿಡಿ. ಉಪಚಾರಕ್ಕೇನೂ ಕಡಿಮೆಯಾಗ್ನಿಲ್ಲ ತಾನೇ?"

ದೊಡ್ಡಮ್ಮ ನಗಲಿಲ್ಲ. ಅಂಗೈಯಲ್ಲಿದ್ದ ಲಿಂಗವನ್ನು ಮುಖದ ಹತ್ತಿರ ತಂದುಕೊಂಡಳು. ಪೊರೆ ಬಂದ ಕಣ್ಣಿಗೆ ಏನು ಕಂಡಿತೋ ತಿಳಿಯದು. ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ಸೋಮವಾರ, ಮಂಗಳವಾರ, ಬುಧವಾರ, ಮೂರು ದಿನಾನೂ ಕೈಗೆ ಏನೂ ಅನ್ನಿಸ್ಲಿಲ್ಲ," ಎಂದಳು. ನನಗೆ ಹೇಳಿದ್ದೋ, ಅದಕ್ಕೆ ಹೇಳಿದ್ದೋ. "ಸರಿಯಾಗೇ ಇತ್ತಲ್ಲ, ಅನ್ನಿಸೋಕೆ ಏನಿತ್ತು?"

ಆಮೇಲೆ ಕರಡಿಗೆಗಳು ಯಾವ ಶಾಸ್ತ್ರವೂ ಇಲ್ಲದೆ ಬದಲಾದವು, ಪಾತ್ರೆ ಪಗಡ ಬದಲಾದಂತೆ. ಅವಳು ತನ್ನ ಕರಡಿಗೆಯ ತಗ್ಗಿನಲ್ಲಿ ಹೆಬ್ಬೆರಳಿಟ್ಟು ನೋಡಿದಳು.

ಈಗಲಾದರೂ ನೀರು ಕುಡಿಯುತ್ತಾಳೆಂದು ಲೋಟ ಹಿಡಿದೆ. ಪೂಜೆಯಾಗಲಿ, ಎಂದಳು. ಕೂರಲು ಆಗದವಳು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು, ಒಂದು ವಿಧಿಯನ್ನೂ ಬಿಡದೆ, ಮುಕ್ಕಾಲು ಗಂಟೆ ಪೂಜೆ ಮಾಡಿದಳು. ಅಷ್ಟು ಹೊತ್ತೂ ನಾನು ಲೋಟ ಹಿಡಿದು ನಿಂತಿದ್ದೆ. ಕೊನೆಗೆ ಲಿಂಗದ ಮೇಲೆರೆದ ನೀರನ್ನು ಮೂರು ಸಲ ಅಂಗೈಯಿಂದ ಕುಡಿದಳು. ಮೂರನೆಯದು ಗಂಟಲಿಳಿದದ್ದು ನನಗೆ ಕಾಣಿಸಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ತಾವೂ ತಮ್ಮ ಪೂಜೆಯನ್ನು ಇನ್ನೊಮ್ಮೆ ಮಾಡಬೇಕೆಂದರು. ಅದೂ ಆಯಿತು.

ಅಡಿ ಹಿಡಿದ ಉಪ್ಪಿಟ್ಟನ್ನು ಮೂರು ಎಲೆಗೆ ಬಡಿಸಿದೆ. ದೊಡ್ಡಮ್ಮ ಮೊದಲ ತುತ್ತನ್ನು ಬೆರಳಲ್ಲಿ ಕೂಡಿಸಿಕೊಂಡು, ಬಾಯಿಗೆ ಒಯ್ಯದೆ, ನನ್ನ ಎಲೆಯ ಕಡೆ ನೋಡಿದಳು.

"ನಿಂದು ಪೂಜೆ ಆಯ್ತೇನೋ?"

ಎರಡು ದಿನದಿಂದ ನನ್ನದು ಸ್ನಾನವೇ ಆಗಿರಲಿಲ್ಲ. ಅದನ್ನು ಹೇಳುವ ಅಗತ್ಯವೂ ಬರಲಿಲ್ಲ. ಅವಳು ತುತ್ತನ್ನು ಎಲೆಗೆ ಇಳಿಸಿದಳು. "ಹೋಗಿ ಮಾಡ್ಕೊಂಡು ಬಾ. ಕಾಯ್ತೀವಿ."

"ದೊಡ್ಡಮ್ಮ, ನೀನು ತಿನ್ನು. ನಿನ್ನ ಕಾಲಿಗೆ ಬೀಳ್ತೀನಿ."

"ಕಾಯ್ತೀವಿ ಅಂದೆನಲ್ಲ."

"ಓಗಿ ಅಳಿಯಂದ್ರೆ," ಎಂದು ಅತ್ತೆಯೂ ಸೇರಿಕೊಂಡರು. ತಮ್ಮ ತುತ್ತನ್ನೂ ಇಳಿಸಿದರು.

ಎರಡು ಚೊಂಬು ತಣ್ಣೀರು ಸುರಿದುಕೊಂಡು ಬಂದು ಒದ್ದೆ ಮೈಯಲ್ಲೇ ಮಣೆಯ ಮೇಲೆ ಕೂತೆ. ಬನಿಯನ್ನಿನೊಳಗೆ ಬಟ್ಟೆಯಲ್ಲಿ ಸುತ್ತಿದ್ದ ನನ್ನ ಲಿಂಗವನ್ನು ಬಿಚ್ಚಿ ಎಡಗೈಯಲ್ಲಿಟ್ಟೆ. ಎಷ್ಟು ತಿಂಗಳಾಗಿತ್ತೋ. ಇದು ನನ್ನದೇ ಎಂದು ಕೈ ಹೇಳುತ್ತದೆಯೇ ಎಂದು ಕಾದೆ. ಕಪ್ಪಗೆ, ನುಣ್ಣಗೆ, ತಣ್ಣಗಿತ್ತು. ಬೇರೆ ಯಾರದ್ದಾಗಿದ್ದರೂ ಹೀಗೇ ಇರುತ್ತಿತ್ತು.

"ಮುಗೀತೇನೋ?" ನಡುಮನೆಯಿಂದ ದೊಡ್ಡಮ್ಮನ ಒಣಗಿದ ದನಿ.

"ಇನ್ನೂ ಇಲ್ಲ," ಎಂದು ಕೂಗಿ ಹೇಳಿ, ಚೊಂಬಿಗೆ ಕೈ ಹಾಕಿದೆ.